ಡಿಸ್ಚಾರ್ಜ್ ಬುಕ್ಕಲ್ಲಿ ಶ್ರೀಲಂಕಾ ಡ್ಯೂಟಿನೂ ಇಲ್ಲ, ಮೆಡಲ್ಲೂ ಇಲ್ಲ ಅಂದ್ರೆ ಏನ್ಮಾಡ್ಬೇಕು?

1987ರ ಜುಲೈ 29ಕ್ಕೆ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸೈನ್ ಹಾಕಿದ್ರು, ಮಾರನೇ ದಿನದಿಂದಾನೇ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಇಳಿಯೋಕೆ ಶುರು ಆಯ್ತು, ಕೊನೇ ತುಕಡಿ ವಾಪಸ್ ಹೊರಟಿದ್ದು 1990ರ ಮಾರ್ಚ್ 24ಕ್ಕೆ. ಐಪಿಕೆಎಫ್, ಅಂದ್ರೆ ಭಾರತೀಯ ಶಾಂತಿಪಾಲನಾ ಪಡೆ ಅಂತ ಹೆಸರು. ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ರು. ಹೋಗಿ ಬಂದೋರಲ್ಲಿ ಕೊಡಗು, ಬೆಳಗಾವಿ, ಧಾರವಾಡ, ಹಾಸನ ಕಡೆಯೋರು ಬೇಕಾದಷ್ಟು ಜನ ಇದಾರೆ, ಈಗ ಹೆಚ್ಚಿನೋರಿಗೆ ಅರವತ್ತು ದಾಟಿದೆ, ಕೆಲವ್ರು ಇಲ್ಲ, ಅವ್ರ ಹೆಂಡ್ತಿ ಮಕ್ಕಳು ಟ್ರಂಕ್ ತೆಗೆದು ಕಾಗದ ನೋಡ್ತಾ ಇದಾರೆ. ಆಗ ಗೊತ್ತಾಗುತ್ತೆ, ಡಿಸ್ಚಾರ್ಜ್ ಬುಕ್ಕಲ್ಲಿ (ರಿಟೈರ್ ಆಗೋವಾಗ ಕೈಗೆ ಕೊಡೋ ಸರ್ವಿಸ್ ವಿವರದ ಪುಸ್ತಕ) ಶ್ರೀಲಂಕಾದ ಸುದ್ದಿನೇ ಇಲ್ಲ, ಮೆಡಲ್ ಕಾಲಮ್ಮಲ್ಲಿ ಎರಡೋ ಮೂರೋ ಹೆಸರು ಅಷ್ಟೇ.

ಇದು ಬರೀ ಐಪಿಕೆಎಫ್‌ದಲ್ಲ. ಮಾಲ್ಡೀವ್ಸ್‌ಗೆ 1988ರ ನವೆಂಬರಲ್ಲಿ ಹೋದೋರು, ಸೊಮಾಲಿಯಾ, ಕಾಂಬೋಡಿಯಾ, ಸಿಯೆರ್ರಾ ಲಿಯೋನ್, ಲೆಬನಾನ್, ಕಾಂಗೋ ಅಂತ ಯುಎನ್ ಮಿಷನ್‌ಗೆ ಹೋದೋರದ್ದೂ ಇದೇ ಕಥೆ. ದಾರಿ ಎಲ್ಲಕ್ಕೂ ಒಂದೇ ಆದ್ರಿಂದ ಐಪಿಕೆಎಫ್ ಇಟ್ಕೊಂಡೇ ಹೇಳ್ತೀನಿ, ಎಲ್ಲಿ ಬೇರೆ ಆಗುತ್ತೋ ಅಲ್ಲಿ ಹೇಳ್ತೀನಿ. ಹೆಚ್ಚಾಗಿ ಜವಾನ್, ಎನ್‌ಸಿಓ (ನಾಯಕ್, ಹವಾಲ್ದಾರ್ ಅಂಥೋರು), ಜೆಸಿಓ (ಸುಬೇದಾರ್ ಅಂಥೋರು) ಲೆಕ್ಕದಲ್ಲಿ ಬರ್ದಿದೀನಿ. ಆಫೀಸರ್‌ಗಳ ದಾಖಲೆ ರೆಜಿಮೆಂಟ್ ರೆಕಾರ್ಡ್ಸಲ್ಲಿ ಇರಲ್ಲ, ದೆಹಲಿಯ ಆರ್ಮಿ ಹೆಡ್‌ಕ್ವಾರ್ಟರ್ಸ್‌ನಲ್ಲಿ ಅಡ್ಜುಟೆಂಟ್ ಜನರಲ್ ಬ್ರ್ಯಾಂಚ್ ಹತ್ರ ಇರುತ್ತೆ.

ಎಂಟ್ರಿ ಯಾಕೆ ತಪ್ಪುತ್ತೆ ಅನ್ನೋದು ಮೊದ್ಲು

ಇದು ಅರ್ಥ ಆಗ್ದೇ ಅರ್ಜಿ ಬರೀಬೇಡಿ. ಫೌಜಲ್ಲಿ ಒಬ್ಬ ಮನುಷ್ಯನ ಜೀವನದಲ್ಲಿ ಏನೇ ಆದ್ರೂ, ಪೋಸ್ಟಿಂಗ್, ರಜೆ, ಮದ್ವೆ, ಮಗು, ಕೋರ್ಸು, ಪ್ರಮೋಷನ್, ಗಾಯ, ಮೆಡಲ್, ಎಲ್ಲಕ್ಕೂ ಯೂನಿಟ್ ಒಂದು ಪಾರ್ಟ್ ಟು ಆರ್ಡರ್ ಪಬ್ಲಿಷ್ ಮಾಡ್ಬೇಕು. ಆ ಆರ್ಡರ್ ರೆಕಾರ್ಡ್ ಆಫೀಸಿಗೆ ಹೋಗುತ್ತೆ, ಅಲ್ಲಿ ಕ್ಲರ್ಕು ಅದನ್ನ ನೋಡಿ, ಪ್ರತಿಯೊಬ್ಬನ ಸರ್ವಿಸ್ ವಿವರ ಬರೆದಿಡೋ ಶೀಟ್ ರೋಲ್‌ಗೆ ಏರಿಸ್ತಾನೆ. ರಿಟೈರ್ ಆಗೋವಾಗ ಶೀಟ್ ರೋಲ್ ನೋಡ್ಕೊಂಡು ಡಿಸ್ಚಾರ್ಜ್ ಬುಕ್ ತುಂಬ್ತಾರೆ. ಅಂದ್ರೆ ಬ್ಯಾಂಕಲ್ಲಿ ಚಲನ್ ಇಲ್ದೆ ಪಾಸ್‌ಬುಕ್ಕಲ್ಲಿ ಜಮಾ ಬರಲ್ವಲ್ಲ, ಹಂಗೆ ಪಾರ್ಟ್ ಟು ಆರ್ಡರ್ ಇಲ್ದೆ ಎಂಟ್ರಿ ಬರಲ್ಲ. ನೀವು ಶ್ರೀಲಂಕಾದ ಪಲಾಲಿ ಏರ್‌ಫೀಲ್ಡಲ್ಲಿ ಗುಂಡಿನ ಮಧ್ಯೆ ಇಳಿದಿದ್ದು ನಿಜಾನೇ ಇರ್ಬೋದು, ನಿಮ್ಮ ಸುಬೇದಾರ್ ಸಾಹೇಬ್ರು ಸಾಕ್ಷಿ ಹೇಳ್ಬೋದು, ಆದ್ರೆ ರೆಕಾರ್ಡ್ಸ್ ಬಾಬು ಕೇಳೋದು ಒಂದೇ, ಪಾರ್ಟ್ ಟು ಆರ್ಡರ್ ನಂಬರ್ ಎಷ್ಟು?

ಹಂಗಾಗಿ ಇಡೀ ಕೆಲಸ ಇರೋದು ಇಷ್ಟೇ. ಆ ಆರ್ಡರ್ ಆಗ ಬಿದ್ದಿತ್ತಾ ಅಂತ ಹುಡುಕೋದು, ಬಿದ್ದಿದ್ರೆ ಅದನ್ನ ತೋರ್ಸಿ ಏರಿಸ್ರಿ ಅನ್ನೋದು, ಬೀಳ್ದೇ ಇದ್ರೆ ಈಗ್ಲಾದ್ರೂ ಪಬ್ಲಿಷ್ ಮಾಡೋಕೆ ಬೇಕಾದ ಪುರಾವೆ ಕೊಡೋದು. "ನಾನು ದೇಶಕ್ಕಾಗಿ ಹೋರಾಡಿದೀನಿ, ನನಗೆ ಅನ್ಯಾಯ ಆಗಿದೆ" ಅಂತ ನಾಲ್ಕು ಪುಟ ಬರೆಯೋರು ಬಹಳ ಜನ, ಓದೋನಿಗೆ ಅದರಲ್ಲಿ ಮಾಡೋಕೆ ಏನೂ ಸಿಗಲ್ಲ.

ತಪ್ಪೋದು ಹೆಚ್ಚಾಗಿ ಯಾರದ್ದು ಅಂದ್ರೆ ಅಟ್ಯಾಚ್‌ಮೆಂಟ್ ಮೇಲೆ ಹೋದೋರದ್ದು. ಇಡೀ ಬೆಟಾಲಿಯನ್ ಹಡಗು ಹತ್ತಿದ್ರೆ ಒಟ್ಟಿಗೆ ಆರ್ಡರ್ ಬೀಳುತ್ತೆ. ಆದ್ರೆ ಎಎಸ್‌ಸಿ (ಸಾಗಣೆ, ಸರಬರಾಜು ವಿಭಾಗ) ಡ್ರೈವರ್, ಸಿಗ್ನಲ್ಸ್ ಆಪರೇಟರ್, ನರ್ಸಿಂಗ್ ಅಸಿಸ್ಟೆಂಟ್, ಇಎಂಇ (ವಾಹನ, ಯಂತ್ರ ರಿಪೇರಿ ವಿಭಾಗ) ಮೆಕ್ಯಾನಿಕ್, ಅಡುಗೆಯೋನು, ಇವ್ರೆಲ್ಲ ಬೇರೆ ಯೂನಿಟ್ ಜೊತೆ ಹೋಗಿರ್ತಾರೆ, ಈ ಯೂನಿಟ್ ಆ ಯೂನಿಟ್ ಮಾಡುತ್ತೆ ಅಂದ್ಕೊಂಡಿರುತ್ತೆ, ಆ ಯೂನಿಟ್ ಇದು ಮಾಡುತ್ತೆ ಅಂದ್ಕೊಂಡಿರುತ್ತೆ. ಇನ್ನೊಂದು ಗುಂಪು, ವಾಪಸ್ ಬಂದ ಸ್ವಲ್ಪ ದಿನಕ್ಕೇ ಪೆನ್ಶನ್ ಬಂದೋರು. ಬುಕ್ ಆಗ್ಲೇ ತುಂಬಿ ಕೈಗೆ ಕೊಟ್ಬಿಟ್ಟಿರ್ತಾರೆ, ಮೆಡಲ್ ಆರ್ಡರ್ ಆಮೇಲೆ ಬರುತ್ತೆ. ಮೂರನೇದು ಸರ್ವಿಸ್ ನಂಬರಲ್ಲಿ ಒಂದಂಕಿ ತಪ್ಪಿ ಇನ್ಯಾರದ್ದೋ ಶೀಟ್ ರೋಲ್‌ಗೆ ಹೋಗೋದು. ಅದು ಹುಡುಕೋಕೆ ಕಷ್ಟ, ಆದ್ರೆ ಸಿಕ್ಕಿದ್ರೆ ಸರಿ ಮಾಡೋದು ಎಲ್ಲಕ್ಕಿಂತ ಸುಲಭ.

ನಿಮ್ಮದು ಯಾವ ತರದ ತಪ್ಪು ಅಂತ ನೋಡ್ಕೊಳ್ಳಿ

"ಮೆಡಲ್ ಬಂದಿಲ್ಲ" ಅಂತ ಎಲ್ರೂ ಹೇಳ್ತಾರೆ ಆದ್ರೆ ಆ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕೇಸ್ ಇರುತ್ತೆ, ಅರ್ಜಿನೂ ಬೇರೆ ಬೇರೆ.

ಮೆಡಲ್ ಮಂಜೂರಾಗಿದೆ, ಪಾರ್ಟ್ ಟು ಆರ್ಡರೂ ಇದೆ, ಬುಕ್ಕಲ್ಲಿ ಬರ್ದಿಲ್ಲ ಅಷ್ಟೇ ಅನ್ನೋದು ಒಂದು. ಬುಕ್ಕಲ್ಲಿ ಇದೆ ಆದ್ರೆ ಮೆಡಲ್ ಅನ್ನೋ ವಸ್ತು ಕೈಗೆ ಬಂದೇ ಇಲ್ಲ, ಬರೀ ರಿಬ್ಬನ್ ಹಾಕ್ಕೊಂಡು ರಿಟೈರ್ ಆದ್ವಿ ಅನ್ನೋದು ಇನ್ನೊಂದು. ಮೆಡಲ್ ಬಂದಿತ್ತು, ಕಳೆದೋಯ್ತು ಅಥವಾ ಮನೆ ಬಿದ್ದಾಗ ಹೋಯ್ತು ಅನ್ನೋದು ಮತ್ತೊಂದು, ಇದಕ್ಕೆ ಪೊಲೀಸ್ ಸ್ಟೇಷನಲ್ಲಿ ಕಂಪ್ಲೇಂಟ್ ಕೊಟ್ಟು ಅಫಿಡವಿಟ್ ಮಾಡಿಸಿ ಡೂಪ್ಲಿಕೇಟ್‌ಗೆ ಕೇಳ್ಬೇಕು, ರೆಕಾರ್ಡ್ ತಿದ್ದೋ ಪ್ರಶ್ನೆನೇ ಇಲ್ಲ. ಕೊನೇದು, ಹೋಗಿದ್ದೇ ದಾಖಲೆಯಲ್ಲಿ ಇಲ್ಲ, ಆದ್ರಿಂದ ಮೆಡಲ್ ಮಂಜೂರಾಗೇ ಇಲ್ಲ. ನಿಜವಾಗ್ಲೂ ಓಡಾಟ ಇರೋದು ಇದ್ರಲ್ಲೇ.

ಯಾವ ಮೆಡಲ್‌ಗೆ ಅರ್ಹತೆ ಅನ್ನೋದು ಗೊತ್ತಿರ್ಬೇಕು. ವಿದೇಶ್ ಸೇವಾ ಮೆಡಲ್ ಅಂತ 1960ರಲ್ಲಿ ಶುರು ಮಾಡಿದ್ದು ಹೊರದೇಶದ ಡ್ಯೂಟಿಗೆ, ಅದರ ಜೊತೆ ದೇಶದ ಹೆಸರಿನ ಕ್ಲಾಸ್ಪ್ (ರಿಬ್ಬನ್ ಮೇಲೆ ಹಾಕೋ ಪಟ್ಟಿ) ಬರುತ್ತೆ. ಯುಎನ್ ಮಿಷನ್‌ಗೆ ಹೋದೋರಿಗೆ ಯುಎನ್‌ದೇ ಮೆಡಲ್, ಸಾಮಾನ್ಯವಾಗಿ 90 ದಿನ ಮಿಷನಲ್ಲಿ ಇದ್ದಿರ್ಬೇಕು, ಅಲ್ಲೇ ಮೆಡಲ್ ಪೆರೇಡ್ ಮಾಡಿ ಎದೆಗೆ ಚುಚ್ಚಿ ಕಳಿಸ್ತಾರೆ, ಹಂಗಾಗಿ ಮೆಡಲ್ ಮನೇಲಿ ಇರುತ್ತೆ, ಎಂಟ್ರಿ ಮಾತ್ರ ಇರಲ್ಲ. ಎಷ್ಟು ದಿನ ಇರ್ಬೇಕು ಅನ್ನೋದು ಒಂದೊಂದು ಮೆಡಲ್‌ಗೆ ಒಂದೊಂದು ತರ. ಗಾಯ ಆಗಿ ಮಧ್ಯದಲ್ಲೇ ವಾಪಸ್ ಕಳಿಸಿದ್ರೆ ಸಾಮಾನ್ಯವಾಗಿ ದಿನದ ಲೆಕ್ಕ ಅಡ್ಡ ಬರಲ್ಲ, ಆದ್ರಿಂದ "ನಾನು ಇದ್ದಿದ್ದೇ ಹತ್ತು ದಿನ" ಅಂತ ಕೈಬಿಡ್ಬೇಡಿ. ನಿಮ್ಮದೇ ಯೂನಿಟ್‌ನ, ನಿಮ್ಮ ಜೊತೆಗೇ ಹೋಗಿ ಬಂದ ಒಬ್ರ ಡಿಸ್ಚಾರ್ಜ್ ಬುಕ್ ಇಸ್ಕೊಂಡು ಮೆಡಲ್ ಪುಟ ನೋಡಿ. ಅವ್ರಿಗೆ ಏನೇನ್ ಬಂದಿದೆ, ಯಾವ ಪಾರ್ಟ್ ಟು ಆರ್ಡರ್ ಅಡಿ ಬಂದಿದೆ ಅನ್ನೋದು ನಿಮ್ಮ ಅರ್ಜಿಗೆ ಅರ್ಧ ಉತ್ತರ.

ಶೌರ್ಯ ಪದಕದ ಲೆಕ್ಕ ಪೂರ್ತಿ ಬೇರೆ. ಸೇನಾ ಮೆಡಲ್, ವೀರ ಚಕ್ರ ಎಲ್ಲ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಬಂದಿರ್ಬೇಕು. ಗೆಜೆಟ್‌ನಲ್ಲಿ ಇದ್ದು ನಿಮ್ಮ ರೆಕಾರ್ಡಲ್ಲಿ ಇಲ್ಲ ಅಂದ್ರೆ ಗೆಜೆಟ್ ಕಾಪಿ ಒಂದೇ ಸಾಕು, ಮತ್ತೆ ಅದು ದುಡ್ಡಿನ ವಿಷಯಾನೂ ಹೌದು, ಶೌರ್ಯಕ್ಕೆ ಕೊಡೋ ಸೇನಾ ಮೆಡಲ್‌ಗೆ 2017ರ ಆಗಸ್ಟಿಂದ ತಿಂಗಳಿಗೆ 2,000 ರೂಪಾಯಿ, ವೀರ ಚಕ್ರಕ್ಕೆ 7,000. ಆದ್ರೆ "ನಮ್ಮ ಸಿಓ (ಯೂನಿಟ್ ಮುಖ್ಯಸ್ಥ) ಸಾಹೇಬ್ರು ನನ್ನ ಹೆಸರು ಬರ್ದು ಕಳಿಸಿದ್ರು, ಮೇಲೆ ಆಗ್ಲಿಲ್ಲ" ಅನ್ನೋದು ಇದ್ರೆ ಅದು ರೆಕಾರ್ಡ್ ತಿದ್ದುಪಡಿ ಅಲ್ಲ, ಅದನ್ನ ಈ ಅರ್ಜಿ ಜೊತೆ ಸೇರಿಸಿದ್ರೆ ಆಗೋ ಕೆಲಸಾನೂ ಕೆಡುತ್ತೆ.

ಯಾವ ರೆಕಾರ್ಡ್ ಆಫೀಸು

ನೀವು ಯಾವ ಯೂನಿಟ್ ಜೊತೆ ಲಂಕಾಗೆ ಹೋಗಿದ್ರಿ ಅನ್ನೋದಲ್ಲ, ನಿಮ್ಮ ರೆಜಿಮೆಂಟ್ ಅಥವಾ ಕೋರ್ ಯಾವುದೋ ಅದರ ರೆಕಾರ್ಡ್ಸ್. ನಮ್ಮ ರಾಜ್ಯದಲ್ಲೇ ಕೆಲವು ಇವೆ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿ ಸೌತ್, ಸಿಎಂಪಿ (ಮಿಲಿಟರಿ ಪೊಲೀಸ್), ಪಯೋನಿಯರ್ ಕೋರ್, ಪ್ಯಾರಾಶೂಟ್ ರೆಜಿಮೆಂಟ್ ಬೆಂಗಳೂರಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ. ಮದ್ರಾಸ್ ರೆಜಿಮೆಂಟ್‌ದು ಊಟಿ ಹತ್ರ ವೆಲ್ಲಿಂಗ್ಟನ್, ಆರ್ಟಿಲರಿದು ನಾಸಿಕ್ ರೋಡ್, ಸಿಗ್ನಲ್ಸ್‌ದು ಜಬಲ್ಪುರ, ಇಎಂಇ ಮತ್ತೆ ಆರ್ಡನೆನ್ಸ್ ಸಿಕಂದರಾಬಾದ್, ಮೆಡಿಕಲ್ ಕೋರ್ ಲಖನೌ. ಏರ್‌ಫೋರ್ಸ್ ಏರ್‌ಮನ್‌ಗಳದ್ದು ದೆಹಲಿ ಸುಬ್ರೊತೊ ಪಾರ್ಕ್, ನೇವಿ ಸೇಲರ್‌ಗಳದ್ದು ಮುಂಬೈ ಮಾನ್‌ಖುರ್ದ್. ಪೆನ್ಶನ್ ಬಂದ್ಮೇಲೆ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿ ಅಲ್ಲಿಂದ ಎರಡನೇ ಸಲ ರಿಟೈರ್ ಆದೋರು ಹುಷಾರು, ಡಿಎಸ್‌ಸಿ ರೆಕಾರ್ಡ್ಸ್ ಕಣ್ಣೂರಲ್ಲಿದೆ, ಆದ್ರೆ ಲಂಕಾ ಕಾಲದ ಆರ್ಡರ್‌ಗಳು ಹಳೇ ರೆಜಿಮೆಂಟ್‌ದೇ, ಇಬ್ರಿಗೂ ಬರೀಬೇಕಾಗುತ್ತೆ.

ಮೊದ್ಲು ಕಾಪಿ ತರ್ಸಿ, ಆಮೇಲೆ ಜಗಳ

ನೇರವಾಗಿ ತಿದ್ದುಪಡಿ ಅರ್ಜಿ ಹಾಕ್ಬೇಡಿ. ಅವ್ರ ಹತ್ರ ಏನಿದೆ ಅಂತ ನಿಮಗೇ ಗೊತ್ತಿಲ್ದೆ ಬರೆದ್ರೆ "ದಾಖಲೆಯಲ್ಲಿ ಕಂಡುಬಂದಿಲ್ಲ" ಅಂತ ಒಂದು ಸಾಲು ಬರುತ್ತೆ, ಆಮೇಲೆ ಪ್ರತಿ ಸಲಾನೂ ಅದೇ ಸಾಲನ್ನ ಕಾಪಿ ಹೊಡೆದು ಕಳಿಸ್ತಾರೆ.

ಒಂದು ಸಾದಾ ಅರ್ಜಿ ಹಾಕಿ ನೋಡಿ, ಕೆಲವು ರೆಕಾರ್ಡ್ಸ್ ತಾವಾಗೇ ಕೊಡ್ತವೆ, ಬೆಂಗಳೂರು ಬೆಳಗಾವಿ ಆದ್ರೆ ಖುದ್ದಾಗಿ ಹೋಗಿ ವೆಟರನ್ಸ್ ಕೌಂಟರಲ್ಲಿ ಕೇಳಿದ್ರೆ ಇನ್ನೂ ಒಳ್ಳೇದು, ಐಡಿ ಕಾರ್ಡು, ಪಿಪಿಓ (ಪೆನ್ಶನ್ ಆದೇಶ), ಡಿಸ್ಚಾರ್ಜ್ ಬುಕ್ ಮೂರೂ ಹಿಡ್ಕೊಂಡು ಹೋಗಿ. ಆಗ್ಲಿಲ್ಲ ಅಂದ್ರೆ ಆರ್‌ಟಿಐ. ಆರ್ಮಿಗೆ ಆರ್‌ಟಿಐ ಅನ್ವಯ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಾಯ್ದೆಯ ಎರಡನೇ ಶೆಡ್ಯೂಲಲ್ಲಿ ವಿನಾಯ್ತಿ ಇರೋದು ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್ ಅಂಥವಕ್ಕೆ, ಆರ್ಮಿ ನೇವಿ ಏರ್‌ಫೋರ್ಸ್ ಆ ಪಟ್ಟೀಲಿ ಇಲ್ಲ.

ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಹಾಕಿ ಕಳಿಸ್ಬೋದು, ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲಲ್ಲೂ ಹಾಕ್ಬೋದು, ಬಿಪಿಎಲ್ ಆದ್ರೆ ಫೀಸಿಲ್ಲ. ಜೆರಾಕ್ಸ್‌ಗೆ ಪುಟಕ್ಕೆ 2 ರೂಪಾಯಿ ಕೇಳ್ತಾರೆ. 30 ದಿನದೊಳಗೆ ಉತ್ತರ ಕೊಡ್ಬೇಕು. ಐಡಿ ಜೆರಾಕ್ಸ್ ಇಡೋದು ಮರೀಬೇಡಿ, ವೈಯಕ್ತಿಕ ದಾಖಲೆ ಆದ್ರಿಂದ ಕೇಳ್ತಿರೋದು ಸ್ವತಃ ನೀವೇ ಅಂತ ಗೊತ್ತಾಗ್ಬೇಕು.

ಏನು ಕೇಳ್ಬೇಕು ಅನ್ನೋದೇ ಮುಖ್ಯ. "ನನಗೆ ಯಾಕೆ ಮೆಡಲ್ ಕೊಟ್ಟಿಲ್ಲ" ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ, ವಿವರಣೆ, ಅವ್ರು ಕೊಡಲ್ಲ ಅನ್ಬೋದು. ಕಾಗದ ಕೇಳಿ. ನನ್ನ ಶೀಟ್ ರೋಲ್‌ನ ಪೂರ್ತಿ ಕಾಪಿ, 1987 ಜುಲೈಯಿಂದ 1990 ಡಿಸೆಂಬರ್‌ವರೆಗೆ ನನ್ನ ಸರ್ವಿಸ್ ನಂಬರ್ ಮೇಲೆ ಬಿದ್ದಿರೋ ಎಲ್ಲಾ ಪಾರ್ಟ್ ಟು ಆರ್ಡರ್‌ಗಳ ಕಾಪಿ, ನನಗೆ ಮಂಜೂರಾದ ಮೆಡಲ್‌ಗಳ ಪಟ್ಟಿ ಮತ್ತೆ ಅದರ ಆದೇಶದ ನಂಬರು, ನನ್ನ ಜೊತೆಗಿದ್ದ ಇಂಥ ಯೂನಿಟ್‌ಗೆ ಆ ಆಪರೇಷನ್‌ಗೆ ಮೆಡಲ್ ಮಂಜೂರು ಮಾಡಿದ ಆದೇಶದ ಕಾಪಿ. ಕೊನೇ ತಾರೀಖನ್ನ ಬೇಕಂತಲೇ ವಾಪಸ್ ಬಂದ ದಿನಕ್ಕಿಂತ ಮುಂದಕ್ಕೆ ಇಡಿ, ಮೆಡಲ್ ಆರ್ಡರ್ ಯಾವಾಗ್ಲೂ ಲೇಟಾಗೇ ಬೀಳೋದು, ನಿಮ್ಮ ಸರ್ವಿಸ್ ಇನ್ನೂ ಉದ್ದ ಇದ್ರೆ ಡಿಸ್ಚಾರ್ಜ್ ತಾರೀಖಿನವರೆಗೂ ಕೇಳಿ. ನಂಬರು, ರ್‍ಯಾಂಕು, ಆಗ ಇದ್ದ ಯೂನಿಟ್ಟು, ಅಟ್ಯಾಚ್ ಆಗಿದ್ದ ಯೂನಿಟ್ಟು, ಎನ್‌ರೋಲ್ ಆದ ದಿನ, ಡಿಸ್ಚಾರ್ಜ್ ಆದ ದಿನ ಮೇಲೇ ಬರೀರಿ. ಅರ್ಜಿ ಒಟ್ಟು 500 ಪದ ದಾಟಬಾರ್ದು ಅಂತ ನಿಯಮ.

ಉತ್ತರ ಬರ್ಲಿಲ್ಲ ಅಥವಾ ಹಾರಿಕೆ ಉತ್ತರ ಬಂತು ಅಂದ್ರೆ 30 ದಿನದೊಳಗೆ ಅದೇ ಕಚೇರಿಯ ಫಸ್ಟ್ ಅಪೆಲೇಟ್ ಅಥಾರಿಟಿಗೆ ಮೇಲ್ಮನವಿ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ.

ದಾಖಲೆ ನಾಶ ಮಾಡಿದೀವಿ ಅಂದ್ರೆ? ಪೆನ್ಶನ್ ಇಲ್ದೆ ಬಿಟ್ಟು ಬಂದೋರಿಗೆ ಈ ಉತ್ತರ ಬರುತ್ತೆ, ಅವ್ರ ಸರ್ವಿಸ್ ಡಾಕ್ಯುಮೆಂಟ್ಸ್ ಇಡೋದು 25 ವರ್ಷ, ಆಮೇಲೆ ನಾಶ ಮಾಡ್ತಾರೆ. ಆದ್ರೆ ಲಾಂಗ್ ರೋಲ್ ಅನ್ನೋ ದೊಡ್ಡ ರಿಜಿಸ್ಟರಲ್ಲಿ ಹೆಸರು, ನಂಬರು, ಮುಖ್ಯ ವಿವರ ಉಳಿದಿರುತ್ತೆ, ಅದರ ಎಕ್ಸ್‌ಟ್ರ್ಯಾಕ್ಟ್ ಕೇಳಿ. ಪೆನ್ಶನರ್‌ಗಳ ದಾಖಲೆ ಇನ್ನೂ ಎಷ್ಟೋ ಹೆಚ್ಚು ವರ್ಷ ಇಡ್ತಾರೆ, ಐಪಿಕೆಎಫ್ ಕಾಲದ ಪೆನ್ಶನರ್‌ಗೆ "ನಾಶ ಆಗಿದೆ" ಅಂದ್ರೆ ಯಾವ ಆದೇಶದ ಮೇಲೆ, ಯಾವ ದಿನ ನಾಶ ಮಾಡಿದ್ರಿ ಅಂತ ಅದರ ಕಾಗದಾನೂ ಕೇಳಿ. ಈ ಪ್ರಶ್ನೆ ಹಾಕಿದ್ಮೇಲೆ ಇನ್ನೊಂದ್ಸಲ ಹುಡುಕೋ ಮನಸ್ಸು ಬರೋದುಂಟು!

ಪುರಾವೆ ಟ್ರಂಕಲ್ಲೇ ಇರುತ್ತೆ

ಆರ್ಡರ್ ಬಿದ್ದೇ ಇಲ್ಲ ಅಂತ ಗೊತ್ತಾದ್ರೆ ಆಗ ಬೇಕಾಗೋದು ಆ ಕಾಲದ ಕಾಗದ. ಈಗ ಬರೆಸಿದ ಅಫಿಡವಿಟ್‌ಗೆ ತೂಕ ಕಮ್ಮಿ, ಆಗಿನ ಒಂದು ಚೀಟಿಗೆ ತೂಕ ಜಾಸ್ತಿ.

ಮೂವ್‌ಮೆಂಟ್ ಆರ್ಡರ್ ಇದ್ರೆ ಅದೇ ಎಲ್ಲಕ್ಕಿಂತ ಗಟ್ಟಿ. ಆಮೇಲೆ ಪೇ ಬುಕ್ಕು ಮತ್ತೆ ಸಂಬಳದ ಲೆಕ್ಕ, ಹೊರದೇಶದ ಡ್ಯೂಟಿಗೆ ಬಂದ ಅಲೌಯನ್ಸ್ ಅದ್ರಲ್ಲಿ ಕಾಣುತ್ತೆ. ಪ್ರತಿ ರೆಕಾರ್ಡ್ಸ್ ಜೊತೆಗೂ ಒಂದು ಪಿಎಓ (ಸಂಬಳದ ಲೆಕ್ಕ ನೋಡೋ ಆಫೀಸು) ಇರುತ್ತೆ, ಅದು ಡಿಫೆನ್ಸ್ ಅಕೌಂಟ್ಸ್ ಇಲಾಖೆದು, ಅದಕ್ಕೆ ಬೇರೆ ಆರ್‌ಟಿಐ ಹಾಕ್ಬೇಕು, ರೆಕಾರ್ಡ್ಸ್‌ಗೆ ಹಾಕಿದ್ರಲ್ಲೇ ಎರಡೂ ಸಿಗುತ್ತೆ ಅಂದ್ಕೋಬೇಡಿ. ಕೋರ್ಸ್ ಸರ್ಟಿಫಿಕೇಟು, ಯುಎನ್ ಐಡಿ ಕಾರ್ಡು, ಯುಎನ್ ಮೆಡಲ್ ಜೊತೆ ಕೊಟ್ಟ ಸರ್ಟಿಫಿಕೇಟು, ಯೂನಿಟ್ ಗ್ರೂಪ್ ಫೋಟೋ, ಹಿಂದೆ ತಾರೀಖು ಜಾಗ ಬರೆದಿದ್ರೆ ಇನ್ನೂ ಒಳ್ಳೇದು.

ಮನೆಗೆ ಬರೆದ ಕಾಗದ ಇಟ್ಟಿದ್ರೆ ಬಿಸಾಕ್ಬೇಡಿ. ವಿಳಾಸದಲ್ಲಿ ಎಲ್ಲಾದಕ್ಕೂ ಕೇರ್ ಆಫ್ 56 ಎಪಿಓ (ಆರ್ಮಿ ಪೋಸ್ಟ್ ಆಫೀಸ್) ಇಲ್ಲಾ 99 ಎಪಿಓ ಅಂತಿರುತ್ತೆ, ಅದ್ರಿಂದ ಜಾಗ ಗೊತ್ತಾಗಲ್ಲ, ಆದ್ರೆ ಮೇಲೆ ಬಿದ್ದಿರೋ ಫೀಲ್ಡ್ ಪೋಸ್ಟ್ ಆಫೀಸ್ ಠಸ್ಸೆಯ ನಂಬರ್ ಮತ್ತೆ ತಾರೀಖು ಕೆಲಸಕ್ಕೆ ಬರುತ್ತೆ. ಇನ್ನೂ ಹಿಂದಿನ ತಲೆಮಾರಿನವ್ರದ್ದಾದ್ರೆ ಸ್ಟಾಂಪೇ ಸಾಕ್ಷಿ. 1953ರಲ್ಲಿ ಕೊರಿಯಾಕ್ಕೆ ಹೋದ ನಮ್ಮ ಕಸ್ಟೋಡಿಯನ್ ಫೋರ್ಸ್‌ಗೆ ಭಾರತದ ಸ್ಟಾಂಪ್ ಮೇಲೆ ಹಿಂದಿಯಲ್ಲಿ ಅಚ್ಚು ಹಾಕಿ ಕೊಟ್ಟಿದ್ರು, ಕಾಂಗೋಗೆ ಹೋದೋರಿಗೆ 1962ರಲ್ಲಿ ಯು.ಎನ್. ಫೋರ್ಸ್ ಇಂಡಿಯಾ ಕಾಂಗೋ ಅಂತ, ಗಾಜಾಕ್ಕೆ ಹೋದೋರಿಗೆ 1965ರಲ್ಲಿ ನೆಹರು ಸ್ಟಾಂಪ್ ಮೇಲೆ ಯುಎನ್‌ಇಎಫ್ (ಯುಎನ್ ತುರ್ತು ಪಡೆ) ಅಂತ. ಕೊರಿಯಾದಲ್ಲಿ ಯುದ್ಧಕೈದಿಗಳ ವಿಚಾರ ನೋಡ್ಕೊಂಡ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ತಿಮ್ಮಯ್ಯನವ್ರೇ ಅಲ್ವಾ, ಹಂಗಾಗಿ ಮಡಿಕೇರಿ ಕಡೆ ಹಳೇ ಪೆಟ್ಟಿಗೆಗಳಲ್ಲಿ ಇಂಥ ಕವರ್ ಸಿಕ್ಕಿದ್ರೆ ಆಶ್ಚರ್ಯ ಇಲ್ಲ. ಸ್ಟಾಂಪ್ ಕಲೆಕ್ಟರ್ ಯಾರಾದ್ರೂ ಕಾಸು ಕೊಡ್ತೀನಿ ಅಂತ ಬಂದ್ರೆ ಕೆಲಸ ಮುಗಿಯೋವರೆಗೂ ಮಾರ್ಬೇಡಿ.

ಮೆಡಲ್ ಕೈಯಲ್ಲಿದ್ರೆ ಅದರ ಅಂಚು ನೋಡಿ. ನಮ್ಮ ಸರ್ಕಾರ ಕೊಟ್ಟ ಅಸಲಿ ಮೆಡಲ್‌ಗಳ ಅಂಚಿನ ಮೇಲೆ ಸರ್ವಿಸ್ ನಂಬರು, ರ್‍ಯಾಂಕು, ಹೆಸರು ಕೊರೆದಿರ್ತಾರೆ, ಭೂತಗನ್ನಡಿ ಇಟ್ಟು ನೋಡಿದ್ರೆ ಕಾಣುತ್ತೆ. ನಿಮ್ಮದೇ ನಂಬರ್ ಇದ್ರೆ ಸರ್ಕಾರಾನೇ ಕೊಟ್ಟಿದೆ ಅನ್ನೋಕೆ ಅದಕ್ಕಿಂತ ಪುರಾವೆ ಬೇಕಾ? ಅಂಚು ಓದೋಕಾಗೋ ತರ ಹತ್ತಿರದಿಂದ ಫೋಟೋ ತೆಗೆದು ಪ್ರಿಂಟ್ ಹಾಕಿ ಲಗತ್ತಿಸಿ. ಯುಎನ್ ಮೆಡಲಲ್ಲಿ ಹೆಸರು ಇರಲ್ಲ, ಅಂಗಡೀಲಿ ಸಿಗೋ ರೆಪ್ಲಿಕಾದಲ್ಲೂ ಇರಲ್ಲ, ಆದ್ರಿಂದ ಬರೀ ಮೆಡಲ್ ಫೋಟೋ ಕಳಿಸಿದ್ರೆ ಉಪಯೋಗ ಇಲ್ಲ.

ಲಂಕಾದಲ್ಲಿ ಗಾಯ ಆಗಿದ್ರೆ ಅದು ಪ್ರತ್ಯೇಕ ಮತ್ತೆ ದೊಡ್ಡ ವಿಷಯ. ಆಗ ಬ್ಯಾಟಲ್ ಕ್ಯಾಶುಯಲ್ಟಿ ಅಂತ ಪಾರ್ಟ್ ಟು ಆರ್ಡರ್ ಬಿದ್ದಿತ್ತಾ, ಇಂಜುರಿ ರಿಪೋರ್ಟ್ ಆಗಿತ್ತಾ, ಯಾವ ಮಿಲಿಟರಿ ಆಸ್ಪತ್ರೆಗೆ ತಂದ್ರು, ಅಡ್ಮಿಷನ್ ಡಿಸ್ಚಾರ್ಜ್ ಕಾಗದ ಎಲ್ಲಿ, ಇದನ್ನೆಲ್ಲ ಹುಡುಕ್ಲೇಬೇಕು. ಮಾಮೂಲಿ ಡಿಸೆಬಿಲಿಟಿ ಅಂತ ಬರೆದಿರೋದಕ್ಕೂ ವಾರ್ ಇಂಜುರಿ ಅಂತ ಬರೆದಿರೋದಕ್ಕೂ ಪೆನ್ಶನಲ್ಲಿ ದೊಡ್ಡ ವ್ಯತ್ಯಾಸ ಇದೆ, ಮೆಡಲ್ ಎಂಟ್ರಿಗಿಂತ ಮೊದ್ಲು ಇದನ್ನ ನೋಡಿ ಅಂತ ನನ್ನ ಸಲಹೆ. ಮೆಡಲ್ ಗೌರವ, ಒಪ್ತೀನಿ, ಆದ್ರೆ ಕಾಲು ಕಳ್ಕೊಂಡೋರ ಮನೆಗೆ ತಿಂಗಳ ದುಡ್ಡು ಮುಖ್ಯ.

ಜೊತೆಗಿದ್ದೋರ ಹೇಳಿಕೆ ಬೇಕಾದ್ರೆ ಇಬ್ರು ಸಾಕು, ಆದ್ರೆ ಅವ್ರ ಡಿಸ್ಚಾರ್ಜ್ ಬುಕ್ಕಲ್ಲಿ ಲಂಕಾ ಎಂಟ್ರಿ ಇರ್ಲೇಬೇಕು, ಅದರ ಜೆರಾಕ್ಸ್ ಜೊತೆಗಿಡಿ. ಆಗಿನ ಕಂಪನಿ ಕಮಾಂಡರ್ ಅಥವಾ ಸಿಓ ಯಾರಾದ್ರೂ ಸಿಕ್ಕಿ ಒಂದು ಪತ್ರ ಬರೆದುಕೊಟ್ರೆ ಹತ್ತು ಅಫಿಡವಿಟ್‌ಗೆ ಸಮ. ಯೂನಿಟ್ ವಾರ್ ಡೈರಿ ಕೇಳ್ಬೋದಾ ಅಂತ ಕೆಲವ್ರು ಕೇಳ್ತಾರೆ. ಆಪರೇಷನ್ ದಾಖಲೆಗಳನ್ನ ಸಾಮಾನ್ಯವಾಗಿ 25 ವರ್ಷಕ್ಕೆ ಡಿಕ್ಲಾಸಿಫೈ ಮಾಡ್ಬೇಕು ಅಂತ ರಕ್ಷಣಾ ಇಲಾಖೆ 2021ರಲ್ಲಿ ನೀತಿ ತಂದಿದೆ, ಆದ್ರೆ ವಾರ್ ಡೈರಿಯಲ್ಲಿ ಪ್ರತಿ ಜವಾನನ ಹೆಸರು ಇರಲ್ಲ, ಯೂನಿಟ್ ಎಲ್ಲಿತ್ತು ಅಂತ ಇರುತ್ತೆ ಅಷ್ಟೇ, ಅದರ ಹಿಂದೆ ಬಿದ್ದು ವರ್ಷ ಕಳೀಬೇಡಿ.

ಅರ್ಜಿ ಹೆಂಗಿರ್ಬೇಕು

ಇಂಗ್ಲಿಷಲ್ಲೋ ಹಿಂದೀಲೋ ಬರೆಸಿ, ಒಂದೂವರೆ ಪುಟ ಮೀರಬಾರ್ದು. ಆಫೀಸರ್ ಇನ್‌ಚಾರ್ಜ್ ರೆಕಾರ್ಡ್ಸ್ ಅವ್ರಿಗೆ. ಮೊದ್ಲ ಪ್ಯಾರಾದಲ್ಲಿ ನೀವು ಯಾರು. ಎರಡನೇದ್ರಲ್ಲಿ ಎಲ್ಲಿಂದ ಎಲ್ಲೀವರೆಗೆ, ಯಾವ ಯೂನಿಟ್ ಜೊತೆ, ಯಾವ ದೇಶದಲ್ಲಿ ಇದ್ರಿ, ತಾರೀಖು ಸರಿಯಾಗಿ ನೆನಪಿಲ್ದಿದ್ರೆ "ಸುಮಾರು" ಅಂತಲೇ ಬರೀರಿ, ಊಹೆ ಮಾಡಿ ತಾರೀಖು ಹಾಕಿ ಅದು ಪೇ ಲೆಕ್ಕಕ್ಕೆ ಹೊಂದ್ಲಿಲ್ಲ ಅಂದ್ರೆ ಇಡೀ ಅರ್ಜಿ ಮೇಲೆ ಅನುಮಾನ ಬರುತ್ತೆ. ಮೂರನೇದ್ರಲ್ಲಿ ಆರ್‌ಟಿಐನಲ್ಲಿ ಏನು ಸಿಕ್ತು, ಏನು ಬಿಟ್ಟೋಗಿದೆ. ಆಮೇಲೆ ಬೇಡಿಕೆ, ಇದು ಸ್ಪಷ್ಟ ಇರ್ಬೇಕು: ಬಿಟ್ಟೋಗಿರೋ ಪಾರ್ಟ್ ಟು ಆರ್ಡರ್ ಪಬ್ಲಿಷ್ ಮಾಡಿ ಶೀಟ್ ರೋಲ್‌ಗೆ ಏರಿಸಬೇಕು, ಅದರ ಪ್ರಕಾರ ಮೆಡಲ್ ಮಂಜೂರು ಮಾಡಬೇಕು, ಡಿಸ್ಚಾರ್ಜ್ ಬುಕ್ಕಲ್ಲಿ ಎಂಡಾರ್ಸ್ ಮಾಡಬೇಕು (ಬರೆದು ಸಹಿ ಹಾಕಬೇಕು) ಅಥವಾ ಅದಕ್ಕೆ ಸರ್ಟಿಫಿಕೇಟ್ ಕೊಡಬೇಕು, ಆಗಲ್ಲ ಅಂದ್ರೆ ಕಾರಣ ಸಮೇತ ಬರವಣಿಗೆಯಲ್ಲಿ ತಿಳಿಸಬೇಕು. ಕೊನೇ ವಾಕ್ಯ ಬಿಡ್ಬೇಡಿ, ಮುಂದೆ ಟ್ರಿಬ್ಯುನಲ್‌ಗೆ ಹೋಗೋಕೆ ಬೇಕಾಗೋದೇ ಆ ಉತ್ತರ.

ಲಗತ್ತುಗಳಿಗೆ ನಂಬರ್ ಹಾಕಿ, ಅರ್ಜಿಯಲ್ಲಿ ಆ ನಂಬರ್ ಹೇಳಿ. ಒರಿಜಿನಲ್ ಡಿಸ್ಚಾರ್ಜ್ ಬುಕ್ ಮೊದಲೇ ಕಳಿಸ್ಬೇಡಿ! ಅವ್ರು ಎಂಡಾರ್ಸ್ ಮಾಡೋಕೆ ಕಳಿಸಿ ಅಂತ ಲೆಟರ್ ಹಾಕಿದ್ಮೇಲೆ ಪ್ರತಿ ಪುಟ ಸ್ಕ್ಯಾನ್ ಮಾಡಿಟ್ಕೊಂಡು ಕಳಿಸಿ, ಆಗೋದಾದ್ರೆ ಕೈಯಲ್ಲೇ ಕೊಟ್ಟು ರಸೀದಿ ತಗೊಳ್ಳಿ.

ಅರ್ಜಿನ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಮೂಲಕ ಕಳಿಸಿದ್ರೆ ಒಳ್ಳೇದು, ನಮ್ಮೋರು ಇನ್ನೂ ಸೈನಿಕ್ ಬೋರ್ಡ್ ಅಂತಲೇ ಕರೆಯೋದು. ಮಡಿಕೇರಿ, ಬೆಳಗಾವಿ, ಮೈಸೂರು, ಮಂಗಳೂರು, ಧಾರವಾಡ ಎಲ್ಲ ಕಡೆ ಇದೆ. ಅವ್ರ ಕವರಿಂಗ್ ಲೆಟರ್ ಇದ್ರೆ ರೆಕಾರ್ಡ್ಸಲ್ಲಿ ಡೈರಿ ನಂಬರ್ ಬೇಗ ಬೀಳುತ್ತೆ. ಅದರ ಜೊತೆಗೆ ಒಂದು ಕಾಪಿ ನೀವೂ ಸ್ಪೀಡ್ ಪೋಸ್ಟಲ್ಲಿ ನೇರವಾಗಿ ಕಳಿಸಿ ರಸೀದಿ ಜೋಪಾನ ಮಾಡಿ. ಮೆಡಲ್ ಮಾಡಿಸ್ಕೊಡ್ತೀನಿ, ಇಷ್ಟು ಖರ್ಚಾಗುತ್ತೆ ಅನ್ನೋ ಏಜೆಂಟ್‌ಗಳು ಓಡಾಡ್ತಿರ್ತಾರೆ, ಅವ್ರು ಮಾಡೋದೂ ಇದೇ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್‌ಗೆ ಸಾವಿರಗಟ್ಲೆ ಕೊಡೋ ಅಗತ್ಯ ಇಲ್ಲ.

ಅವ್ರು ತೀರ್ಕೊಂಡಿದ್ರೆ

ಹೆಂಡ್ತಿ ಅರ್ಜಿ ಹಾಕ್ಬೋದು, ಅವ್ರೂ ಇಲ್ದಿದ್ರೆ ಮಕ್ಕಳು. ಡೆತ್ ಸರ್ಟಿಫಿಕೇಟ್, ಫ್ಯಾಮಿಲಿ ಪೆನ್ಶನ್ ಪಿಪಿಓ, ಆಧಾರ್, ಸೈನಿಕ್ ಬೋರ್ಡ್ ಕೊಟ್ಟ ವಿಧವಾ ಐಡಿ ಕಾರ್ಡ್. ಇಲ್ಲಿ ಎಡವೋದು ಹೆಸರಲ್ಲಿ. ಪಿಪಿಓನಲ್ಲಿ ಗಂಗವ್ವ, ಆಧಾರಲ್ಲಿ ಗಂಗಮ್ಮ, ಬ್ಯಾಂಕಲ್ಲಿ ಗಂಗಾಬಾಯಿ ಅಂತಿದ್ರೆ ಮೊದ್ಲು ಅದನ್ನ ಸರಿ ಮಾಡ್ಸಿ, ಇಲ್ಲಾಂದ್ರೆ ಮೆಡಲ್ ಅರ್ಜಿಗೆ ಬರೋ ಮೊದ್ಲ ಉತ್ತರಾನೇ ನೀವು ಯಾರು ಅಂತ ಆಗಿರುತ್ತೆ. ಅಜ್ಜಿಗೆ ಸರ್ವಿಸ್ ನಂಬರ್ ಗೊತ್ತಿಲ್ಲ, ಡಿಸ್ಚಾರ್ಜ್ ಬುಕ್ಕೂ ಇಲ್ಲ ಅಂದ್ರೆ ಪಿಪಿಓದಲ್ಲಿ ನಂಬರ್ ಇದ್ದೇ ಇರುತ್ತೆ, ಪಿಪಿಓನೂ ಕಳೆದಿದ್ರೆ ಪೆನ್ಶನ್ ಬರೋ ಬ್ಯಾಂಕಲ್ಲಿ ಇಲ್ಲಾ ಸ್ಪರ್ಶ್ ಅನ್ನೋ ರಕ್ಷಣಾ ಪೆನ್ಶನ್ ಪೋರ್ಟಲಲ್ಲಿ ಸಿಗುತ್ತೆ.

ಉತ್ತರಾನೇ ಬರ್ಲಿಲ್ಲ ಅಂದ್ರೆ

ಒಂದೂವರೆ ಎರಡು ತಿಂಗಳು ನೋಡಿ ಒಂದು ರಿಮೈಂಡರ್, ಹಳೇ ಅರ್ಜಿಯ ತಾರೀಖು ಮತ್ತೆ ಸ್ಪೀಡ್ ಪೋಸ್ಟ್ ನಂಬರ್ ಹಾಕಿ, ಹೊಸದಾಗಿ ಕಥೆ ಬರೀಬೇಡಿ. ಆಮೇಲೆ ಕೇಂದ್ರ ಸರ್ಕಾರದ ಪಿಜಿ (ಸಾರ್ವಜನಿಕ ಕುಂದುಕೊರತೆ) ಪೋರ್ಟಲಲ್ಲಿ ದೂರು, ಮಾಜಿ ಸೈನಿಕರ ಕಲ್ಯಾಣ ಇಲಾಖೆ ಆಯ್ಕೆ ಮಾಡಿ ಹಾಕಿ. ದೆಹಲಿ ಕಂಟೋನ್ಮೆಂಟಲ್ಲಿ ಡೈರೆಕ್ಟೊರೇಟ್ ಆಫ್ ಇಂಡಿಯನ್ ಆರ್ಮಿ ವೆಟರನ್ಸ್ ಇದೆ, ಅವ್ರಿಗೂ ಒಂದು ಕಾಪಿ. ಪೋರ್ಟಲ್ ದೂರನ್ನ "ಡಿಸ್ಪೋಸ್ಡ್" ಅಂತ ಬೇಗ ಮುಚ್ಚಿಹಾಕೋದು ಇದೆ, ಮುಚ್ಚಿದ್ರೂ ಅದರ ಪ್ರಿಂಟ್ ತೆಗೆದಿಡಿ, ಅದ್ರಲ್ಲಿ ರೆಕಾರ್ಡ್ಸ್ ಕೊಟ್ಟ ಉತ್ತರ ಇರುತ್ತೆ.

ಇದೆಲ್ಲ ಮುಗಿದ್ಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, 2007ರ ಕಾಯ್ದೆ ಪ್ರಕಾರ ಆಗಿರೋದು. ರಿಟೈರ್ ಆದೋರು ತಾವು ವಾಸ ಇರೋ ಊರಿಗೆ ಸಂಬಂಧಪಟ್ಟ ಬೆಂಚಲ್ಲೇ ಹಾಕ್ಬೋದು, ತೀರ್ಕೊಂಡೋರ ವಾರಸುದಾರರೂ ಹಾಕ್ಬೋದು, ವಕೀಲ್ರಿಲ್ದೆ ಸ್ವತಃ ವಾದಿಸೋಕೂ ಅವಕಾಶ ಇದೆ. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಹೋಗ್ಬೇಕು. ಉತ್ತರಾನೇ ಬರ್ದಿದ್ರೆ ಮನವಿ ಕೊಟ್ಟು 6 ತಿಂಗಳು ಕಾದು, ಅಲ್ಲಿಂದ ಇನ್ನೊಂದು 6 ತಿಂಗಳೊಳಗೆ. ತಡ ಆಗಿದ್ರೆ ಕಾರಣ ಹೇಳಿ ಮನ್ನಾ ಕೇಳ್ಬೋದು, ಆದ್ರೆ ಮೂವತ್ತು ವರ್ಷ ಸುಮ್ನಿದ್ದು ಈಗ ಯಾಕೆ ಬಂದ್ರಿ ಅನ್ನೋ ಪ್ರಶ್ನೆ ಖಂಡಿತ ಬರುತ್ತೆ, ಅದಕ್ಕೆ ಉತ್ತರ ರೆಡಿ ಇರ್ಲಿ. ಬರೀ ಮೆಡಲ್ ಎಂಟ್ರಿಗೋಸ್ಕರ ಟ್ರಿಬ್ಯುನಲ್‌ವರೆಗೆ ಹೋಗ್ಬೇಕಾ ಅಂತ ಕೇಳಿದ್ರೆ, ವಾರ್ ಇಂಜುರಿ ಅಥವಾ ಶೌರ್ಯ ಪದಕದ ಅಲೌಯನ್ಸ್ ಇದ್ರೆ ಹೋಗಿ, ಇಲ್ದಿದ್ರೆ ರೆಕಾರ್ಡ್ಸ್ ಹಂತದಲ್ಲೇ ತಾಳ್ಮೆಯಿಂದ ಮಾಡಿಸ್ಕೊಳ್ಳೋದು ವಾಸಿ ಅಂತ ನಾನಂತೂ ಹೇಳೋದು.

ತಿದ್ದಿದ ಬುಕ್ಕು ಅಥವಾ ಸರ್ಟಿಫಿಕೇಟ್ ಬಂದ ತಕ್ಷಣ ನಂಬರು, ಹೆಸರಿನ ಸ್ಪೆಲ್ಲಿಂಗು, ಮೆಡಲ್ ಹೆಸರು, ಕ್ಲಾಸ್ಪ್, ಪಾರ್ಟ್ ಟು ಆರ್ಡರ್ ನಂಬರ್, ಆಫೀಸರ್ ಸಹಿ, ಸೀಲು ಎಲ್ಲ ಒಂದೊಂದಾಗಿ ನೋಡಿ. ತಪ್ಪಿದ್ರೆ ಆವತ್ತೇ ವಾಪಸ್ ಬರೀರಿ. ಸರಿ ಇದ್ರೆ ಒಂದು ಜೆರಾಕ್ಸ್ ಸೈನಿಕ್ ಬೋರ್ಡಿಗೆ ಕೊಟ್ಟು ಅವ್ರ ರಿಜಿಸ್ಟರಲ್ಲೂ ಏರಿಸಿ. ಮೆಡಲ್ ವಸ್ತು ಬರೋದು ಇನ್ನೂ ತಡ ಆಗ್ಬೋದು, ಅದಕ್ಕೆ ಬೇರೆ ಅರ್ಜಿ, ಈ ಸಲ ಮೇಲೆ ಪಾರ್ಟ್ ಟು ಆರ್ಡರ್ ನಂಬರ್ ಹಾಕಿ ಬರೆದ್ರೆ ಆಯ್ತು.